ನಡುವಣವರ ಕೈಯಲ್ಲಿ ಕೀಲಿಕೈ



ಐಫೋನ್‌ಗಳ ನಡುವೆ ಸಾಗುವ ಐಮೆಸೇಜ್ ಎಂಬ ಸಂದೇಶವು ಅರಗಿನ ಮುದ್ರೆಯೊತ್ತಿದ ಲಕೋಟೆಯಂತಿರುವುದು. ನಡುವಣವರಾರೂ ಅದನ್ನು ಓದಲಾರರು. ಆಪಲ್ ಕಂಪೆನಿಯು ಈ ಸೌಕರ್ಯವನ್ನು ಆಂಡ್ರಾಯ್ಡ್ ಫೋನುಗಳಿಗೆ ಕೊಟ್ಟಿಲ್ಲ. ಆದಕಾರಣ ಅನ್ಯ ಸಂಸ್ಥೆಗಳು ಮಧ್ಯಸ್ಥರಾಗಿ ಮುಂದೆ ಬಂದವು.

2023ನೆಯ ನವೆಂಬರಿನಲ್ಲಿ ನಥಿಂಗ್ ಕಂಪೆನಿಯು ಸನ್‌ಬರ್ಡ್ ಎಂಬ ಸಂಸ್ಥೆಯ ಸಹಾಯದಿಂದ ನಥಿಂಗ್ ಚಾಟ್ಸ್ ಎಂಬ ಆ್ಯಪನ್ನು ಹೊರಡಿಸಿತು. ಬಳಸುವವರು ತಮ್ಮ ಆಪಲ್ ಖಾತೆಯ ಪಾಸ್‌ವರ್ಡನ್ನು ಒಪ್ಪಿಸಬೇಕಾಗಿತ್ತು. ದೂರದ ಮ್ಯಾಕ್ ಕಂಪ್ಯೂಟರೊಂದು ಅವರ ಹೆಸರಿನಲ್ಲಿ ಸಂದೇಶವನ್ನು ಸಾಗಿಸುತ್ತಿತ್ತು. ಮುದ್ರೆ ಒಡೆಯದೆಂದು ಸಾರಿದ್ದರೂ, ಸಂದೇಶಗಳೂ ಚಿತ್ರಗಳೂ ನಡುವೆ ತೆರೆದ ರೂಪದಲ್ಲಿಯೇ ಇರುತ್ತಿದ್ದುವೆಂದು ಪರೀಕ್ಷಕರು ಕಂಡರು. ಆ್ಯಪು ಬಿಡುಗಡೆಯಾದ ಮರುದಿನವೇ ಹಿಂತೆಗೆಯಲ್ಪಟ್ಟಿತು.

ಮಧ್ಯಸ್ಥರೆಲ್ಲರೂ ವಂಚಕರೆಂದು ನಾವು ಹೇಳುವುದಿಲ್ಲ. ಆದರೆ ಕೀಲಿಕೈಯನ್ನು ಕೊಟ್ಟ ಮೇಲೆ ಅವರ ಮಾತೊಂದೇ ನಮಗೆ ಆಧಾರ. ಅಲ್ಲದೆ, ತೆರೆಯಲ್ಪಡುವುದು ನಮ್ಮ ಕಾಗದ ಮಾತ್ರವಲ್ಲ. ನಮ್ಮನ್ನು ನಂಬಿ ಬರೆದ ಗೆಳತಿಯ ಕಾಗದವೂ ಹೌದು. ಅವಳ ಒಪ್ಪಿಗೆಯನ್ನು ಯಾರು ಕೇಳಿದರು?

ಸಿಗ್ನಲ್‌ನಂಥ ಒಂದೇ ಆ್ಯಪನ್ನು ಇಬ್ಬರೂ ಇಟ್ಟುಕೊಂಡರೆ ಫೋನು ಯಾವುದಾದರೂ ಮುದ್ರೆ ಉಳಿಯುವುದು. ಪರರ ಗುಟ್ಟನ್ನು ಕಾಯುವುದೂ ಪ್ರಾಮಾಣಿಕತೆಯ ಒಂದು ಭಾಗವೆಂದು ನಾವು ತಿಳಿಯೋಣ.