ನಿಮಿಷಕ್ಕೆ ಹದಿನಾಲ್ಕು

ಪೆನ್‌ಡ್ರೈವ್ ಚುಚ್ಚಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರುತ್ತಿದ್ದ ಕಾಲ ನೆನಪಿದೆಯೇ? 2013–14ರ ಮಾತು. ಐಕಾನಿನ ಮೂಲೆಯಲ್ಲಿ ಒಂದು ಪುಟ್ಟ ಬಾಣ. ಮದುವೆ ಫೋಟೊ ನೋಡೋಣವೆಂದು ಅದನ್ನು ಒತ್ತಿದಿರೋ, ಒಂದು ಸ್ಕ್ರಿಪ್ಟ್ ಸದ್ದಿಲ್ಲದೆ ಕಂಪ್ಯೂಟರಿಗೆ ಇಳಿಯುತ್ತಿತ್ತು. ಅಸಲಿ ಫೈಲುಗಳು ಅಲ್ಲೇ ಇರುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೆ.

ಹೀಗೆ ಹರಡುತ್ತಿದ್ದ ಹುಳುಗಳಲ್ಲಿ ಒಂದಕ್ಕೆ ಮೈಕ್ರೋಸಾಫ್ಟ್ ಇಟ್ಟ ಹೆಸರು ಜೆಂಕ್ಸಸ್. ಅದರ ಜೋಡಿ ಬ್ಲಾಡಬಿಂಡಿ, ಅಂದರೆ ಎನ್‌ಜೆರ್‍ಯಾಟ್. ಇದು ಒಳಹೊಕ್ಕ ಮೇಲೆ ನೀವು ಒತ್ತುವ ಪ್ರತಿ ಅಕ್ಷರವೂ ಇನ್ನೊಬ್ಬನ ಪರದೆಯಲ್ಲಿ ಮೂಡಬಹುದು. ವೆಬ್‌ಕ್ಯಾಮ್ ಅವನು ಹೇಳಿದಾಗ ತೆರೆದುಕೊಳ್ಳಬಹುದು.

2014ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಅಮೆರಿಕದ ನೆವಾಡಾ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಈ ಜೋಡಿಯನ್ನು ಬರೆದು ಹರಡಿದವರೆಂದು ಅದು ಬೊಟ್ಟು ಮಾಡಿದ್ದು ಇಬ್ಬರ ಕಡೆಗೆ: ಒಬ್ಬ ಕುವೈತಿನವನು, ಇನ್ನೊಬ್ಬ ಅಲ್ಜೀರಿಯಾದವನು. ಹಿಂದಿನ ಹನ್ನೆರಡು ತಿಂಗಳಲ್ಲಿ ಮೈಕ್ರೋಸಾಫ್ಟ್ ಈ ಎರಡನ್ನು ಪತ್ತೆಹಚ್ಚಿದ್ದು 74 ಲಕ್ಷ ಸಲ. ಆಗ ಕುವೈತಿನ ಜನಸಂಖ್ಯೆ, ಅಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯವರನ್ನೂ ಸೇರಿಸಿ, ಸುಮಾರು 40 ಲಕ್ಷ. ಆ 74 ಲಕ್ಷವನ್ನು ಭಾಗಿಸಿ ನೋಡಿ: ದಿನಕ್ಕೆ ಇಪ್ಪತ್ತು ಸಾವಿರ, ನಿಮಿಷಕ್ಕೆ ಹದಿನಾಲ್ಕು, ಹಗಲೂ ರಾತ್ರಿ, ವರ್ಷವಿಡೀ. ಬೇರೆ ಕಂಪನಿಗಳ ಆಂಟಿವೈರಸ್‌ಗೆ ಸಿಕ್ಕವು ಈ ಲೆಕ್ಕದಲ್ಲಿಲ್ಲ.

ಇಷ್ಟಾಗಿಯೂ ಅದು ಕ್ರಿಮಿನಲ್ ಮೊಕದ್ದಮೆಯಲ್ಲ, ಸಿವಿಲ್ ದಾವೆ. ಆ ದಾವೆಯಿಂದ ಯಾರನ್ನೂ ಜೈಲಿಗೆ ಕಳಿಸುವಂತಿರಲಿಲ್ಲ. ನೆವಾಡಾವೇ ಏಕೆಂದರೆ, ಸೋಂಕಿತ ಕಂಪ್ಯೂಟರುಗಳು ಯಜಮಾನನನ್ನು ಹುಡುಕಿಕೊಳ್ಳಲು ಬಳಸುತ್ತಿದ್ದ ನೋ-ಐಪಿ ಎಂಬ ವಿಳಾಸ ಸೇವೆಯ ಕಂಪನಿ ಅಲ್ಲಿನ ರೀನೋ ಊರಿನದು. ಕೈಗೆ ಸಿಕ್ಕಿದ್ದು ಆ ವಿಳಾಸಗಳು ಮಾತ್ರ. ನ್ಯಾಯಾಲಯ ನೋ-ಐಪಿಯ ಇಪ್ಪತ್ತಕ್ಕೂ ಹೆಚ್ಚು ಡೊಮೇನುಗಳನ್ನು ಮೈಕ್ರೋಸಾಫ್ಟ್‌ಗೆ ಒಪ್ಪಿಸಿತು. ಅವುಗಳಡಿಯಲ್ಲಿ ದುಷ್ಟ ವಿಳಾಸಗಳೆಂದು ಗುರುತಿಸಿದ್ದು ಸುಮಾರು 18 ಸಾವಿರ. ಬಂದ್ ಆದವು, ನೋ-ಐಪಿ ಹೇಳಿದಂತೆ, 18 ಲಕ್ಷ ಗ್ರಾಹಕರ 40 ಲಕ್ಷ ವಿಳಾಸಗಳು! ದೂರದಲ್ಲಿ ಕೂತು ಮನೆಯ ಸಿಸಿಟಿವಿ ನೋಡುವವರು ಬಳಸುವುದೂ ಇಂಥದೇ ಸೇವೆ. ತಾಂತ್ರಿಕ ದೋಷದಿಂದ ಅಮಾಯಕರಿಗೂ ತೊಂದರೆಯಾಯಿತೆಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಕೆಲವೇ ದಿನಗಳಲ್ಲಿ ಡೊಮೇನುಗಳು ಮರಳಿದವು, ನೋ-ಐಪಿ ಜೊತೆ ರಾಜಿಯೂ ಆಯಿತು.

ವೈರಸ್ ಬರೆದವರಿಗೆ ಆದ ಶಿಕ್ಷೆಗಳನ್ನು ಸಾಲಾಗಿ ಇಟ್ಟರೆ ಹೊಟ್ಟೆ ಉರಿಯುತ್ತದೆ. 1999ರ ಮೆಲಿಸ್ಸಾ 8 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಮಾಡಿತೆಂದು ಬರೆದವನೇ ಒಪ್ಪಿಕೊಂಡ. ಜೈಲು 20 ತಿಂಗಳು, ದಂಡ 5 ಸಾವಿರ ಡಾಲರ್. ಜಗತ್ತನ್ನೇ ಕಂಗೆಡಿಸಿದ 2000ದ 'ಐ ಲವ್ ಯೂ' ಪ್ರಕರಣದಲ್ಲಿ ಅದೂ ಇಲ್ಲ. ಫಿಲಿಪೀನ್ಸ್‌ನಲ್ಲಿ ಮೇ 4ರಂದು ಅದು ಹೊರಟಾಗ ಅಲ್ಲಿ ತಕ್ಕ ಕಾಯಿದೆಯೇ ಇರಲಿಲ್ಲ. ಜೂನ್‌ನಲ್ಲಿ ಕಾಯಿದೆ ಬಂತು, ಆದರೆ ಆಗಿಹೋದ ಕೃತ್ಯಕ್ಕೆ ಅನ್ವಯಿಸಲಿಲ್ಲ. ಆಗಸ್ಟ್‌ನಲ್ಲಿ ಆರೋಪಗಳು ಬಿದ್ದುಹೋದವು. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಅದೇ ವರ್ಷ ಅಕ್ಟೋಬರ್ 17ರಂದು ಜಾರಿಗೆ ಬಂತು. ವೈರಸ್ ಬಿಟ್ಟವನಿಗೆ ಇಂದು ಅದರ 66ನೇ ಕಲಮಿನಡಿ ಹೆಚ್ಚೆಂದರೆ ಮೂರು ವರ್ಷ ಜೈಲು, 5 ಲಕ್ಷ ರೂಪಾಯಿ ದಂಡ. ಹಾನಿ ಒಂದು ಕಂಪ್ಯೂಟರಿಗೋ ಲಕ್ಷಗಟ್ಟಲೆಗೋ, ಮಿತಿ ಅಷ್ಟೇ. ಕುವೈತಿನ ಸೈಬರ್ ಅಪರಾಧ ಕಾಯಿದೆ 2015ರ 63ನೇ ಸಂಖ್ಯೆಯದು. ಜಾರಿಯಾದದ್ದು 2016ರ ಜನವರಿಯಲ್ಲಿ. ಆ ಹೊತ್ತಿಗೆ ನೆವಾಡಾದ ದಾವೆ ಹಳತಾಗಿತ್ತು.

ಎನ್‌ಜೆರ್‍ಯಾಟ್‌ನ ಮೂಲ ಕೋಡ್ ಅಷ್ಟರಲ್ಲೇ ಸೋರಿಹೋಗಿ ಕಂಡಕಂಡವರ ಕೈ ಸೇರಿತ್ತು. ದಾವೆಗೂ ಮೊದಲು, 2014ರ ಮಾರ್ಚ್‌ನಲ್ಲೇ, ಅದನ್ನು ಬಳಸುವ 487 ಗುಂಪುಗಳನ್ನು ಆಂಟಿವೈರಸ್ ಕಂಪನಿ ಸಿಮ್ಯಾಂಟೆಕ್ ಗುರುತಿಸಿತ್ತು. ಇವತ್ತಿಗೂ ಅದರ ಹೊಸ ಹೊಸ ರೂಪಗಳು ಪತ್ತೆಯಾಗುತ್ತಲೇ ಇವೆ.