ಹಿಂಗಾಲು ಎಳೆದರೆಲ್ಲಾ ಚಿಪ್ಪಿನ ದೋಷವಲ್ಲ

ಎತ್ತು ಹಿಂಗಾಲು ಎಳೆದುಕೊಂಡು ನಡೆದರೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಎರಡೇ ಮಾತು. ಒಂದು, ‘ಚಿಪ್ಪು ಸಿಕ್ಕೊಂಡೈತೆ, ಕುಯ್ಸು’. ಇನ್ನೊಂದು, ‘ಬರೆ ಹಾಕ್ಸು’. ಮೂರನೆಯದೂ ಒಂದಿದೆ. ಮಂಡಿಯ ಕೆಳಗೆ, ಕಾಲಿನ ಮುಂಭಾಗದಲ್ಲಿರುವ ಒಂದು ಸ್ನಾಯು ಹರಿದಿರಬಹುದು. ಡಾಕ್ಟರುಗಳು ಅದನ್ನು ಪೆರೋನಿಯಸ್ ಟರ್ಷಿಯಸ್ ಅಂತಾರೆ. ಇದಕ್ಕೆ ಕುಯ್ಯುವುದೂ ಬೇಡ, ಸುಡುವುದೂ ಬೇಡ.

ಮೊದಲು ಕಾಲನ್ನು ಸರಿಯಾಗಿ ನೋಡೋಣ. ಎತ್ತಿನ ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಕಾಣುವ ಕೀಲನ್ನೇ ಮಂಡಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ನಮ್ಮ ಹಿಮ್ಮಡಿಗೆ ಸಮ. ದನ ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಈ ಸ್ನಾಯು ತೊಡೆಮೂಳೆಯ ಕೆಳತುದಿಯಲ್ಲಿ ಹುಟ್ಟಿ, ಮಂಡಿ ದಾಟಿ, ಮುಂಭಾಗದಲ್ಲೇ ಇಳಿದು ಹಿಮ್ಮಡಿ ಕೀಲಿನ ಕೆಳಗಿನ ಮೂಳೆಗೆ ಅಂಟಿಕೊಂಡಿದೆ. ಎರಡು ಕೀಲಿಗೂ ಕಟ್ಟಿದ ಒಂದೇ ಹಗ್ಗ ಅನ್ನಿ. ಮಂಡಿ ಮಡಚಿದರೆ ಹಿಮ್ಮಡಿ ಕೀಲೂ ತಾನಾಗಿ ಮಡಚುತ್ತದೆ, ಗೊರಸು ನೆಲ ಬಿಟ್ಟು ಏಳುತ್ತದೆ. ನಮ್ಮ ಕಾಲಲ್ಲೂ ಇದೇ ಹೆಸರಿನದೊಂದು ಇದೆ. ಆದರೆ ಬಲು ಚಿಕ್ಕದು, ಮಂಡಿ ದಾಟುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಇರೋದಿಲ್ಲ, ಅವರೂ ಚೆನ್ನಾಗೇ ನಡೀತಾರೆ. ಎತ್ತಿಗೆ ಹಾಗಲ್ಲ.

ಹಿಂಗಾಲು ಅತಿಯಾಗಿ ಹಿಂದಕ್ಕೆ ಚಾಚಿದಾಗ ಇದು ಹರಿಯುತ್ತದೆ. ಜಾರಿ ಬಿದ್ದಾಗ, ಹಗ್ಗಕ್ಕೆ ಸಿಕ್ಕಿದ ಕಾಲನ್ನು ಜಗ್ಗಾಡಿದಾಗ, ಕೆಸರಲ್ಲಿ ಹೂತು ಒದ್ದಾಡಿದಾಗ. ನಮ್ಮ ಎಡದ ಎತ್ತಿಗೆ 2021ರ ಮುಂಗಾರಿನಲ್ಲಿ ಕೆರೆಯಂಚಿನ ಕೆಸರಲ್ಲಿ ಆದದ್ದು ಇದೇ. ನಿಂತಾಗ ಏನೂ ಆಗಿಲ್ಲವೆಂಬಂತೆ ನಾಲ್ಕೂ ಕಾಲಿಗೆ ಭಾರ ಕೊಡುತ್ತಿತ್ತು. ನಡೆಸಿದರೆ ಮಂಡಿಯೇನೋ ಮಡಚುತ್ತಿತ್ತು, ಕೆಳಗಿನ ಕಾಲು ಜೋತಾಡಿ ಗೊರಸಿನ ತುದಿ ನೆಲ ಕೆರೆಯುತ್ತಿತ್ತು. ದನದ ಡಾಕ್ಟ್ರು ಬಂದು ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದು ತೋರಿಸಿದರು. ಮಂಡಿ ಮಡಚಿದ್ದರೂ ಹಿಮ್ಮಡಿ ಕೀಲು ನೆಟ್ಟಗಾಯಿತು. ಹಿಮ್ಮಡಿಯ ಮೇಲಿನ ಹುರಿಯಂಥ ಗಟ್ಟಿ ಸ್ನಾಯು ಸಡಿಲಾಗಿ ಸುಕ್ಕುಗಟ್ಟಿತು. ಸರಿಯಿರುವ ಕಾಲಲ್ಲಿ ಹೀಗೆ ಮಾಡಲು ಬರೋದೇ ಇಲ್ಲ. ಗುರುತು ಇದೇ. ಎತ್ತು ಒದೆಯುವಂಥದ್ದಾದರೆ ನೀವು ಕೈ ಹಾಕಬೇಡಿ, ಡಾಕ್ಟರಿಗೇ ಬಿಡಿ.

ಚಿಪ್ಪು ಸಿಕ್ಕಿಕೊಂಡರೆ ಮಂಡಿಯೇ ಮಡಚೋದಿಲ್ಲ. ಕಾಲು ಕೋಲಿನ ಹಾಗೆ ಹಿಂದಕ್ಕೆ ಸೆಟೆದು, ಆಮೇಲೆ ಝಾಡಿಸಿದಂತೆ ಬಿಡುತ್ತದೆ. ಅದಕ್ಕೆ ಚಿಪ್ಪಿನ ಒಳಬದಿಯ ಕಟ್ಟನ್ನು ಡಾಕ್ಟರಿಂದ ಕುಯ್ಸೋದು ಸರಿಯೇ, ಚಿಕ್ಕ ಕೆಲಸ. ಸ್ನಾಯು ಹರಿದಾಗ ಅದೇ ಕಟ್ಟು ಕುಯ್ದರೆ ಏನು ಬಂತು? ಇನ್ನು ಗೊರಸು ಹಿಂದಕ್ಕೆ ಮಡಚಿ ಅದರ ಮುಂಭಾಗದ ಮೇಲೆ ನಿಲ್ಲುತ್ತಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಬರೆಯಂತೂ ಯಾವುದಕ್ಕೂ ಬೇಡ. ಹುಣ್ಣಾಗುತ್ತದೆ, ನೊಣ ಮುತ್ತುತ್ತದೆ, ಅಷ್ಟೆ.

ಹರಿದ ಸ್ನಾಯುವಿಗೆ ಬೇಕಾದದ್ದು ವಿಶ್ರಾಂತಿ. ಜಾರದ ಒಣ ನೆಲ, ಗಿಡ್ಡ ಹಗ್ಗ, 2-3 ತಿಂಗಳು ನೊಗವಿಲ್ಲ. ಬಿತ್ತನೆ ಹೊತ್ತಲ್ಲಿ ಒಂದು ಎತ್ತು ಕೂತರೆ ಜೋಡಿಯೇ ಕೂತಂತೆ, ಈ ಮಾತು ಹೇಳೋದು ಸುಲಭ. ನಾನು ಆ ವರ್ಷ ಶೇಂಗಾವನ್ನು ಬಾಡಿಗೆ ಟ್ರಾಕ್ಟರಿನಲ್ಲಿ ಬಿತ್ತಿಸಿದೆ. ದುಡ್ಡು ಹೋಯ್ತು, ಎತ್ತನ್ನು ಸಂತೆಗೆ ಹೊಡೆಯಲಿಲ್ಲ. ಮೂರನೇ ತಿಂಗಳಿಗೆ ಗೊರಸು ಎತ್ತಿ ಇಡತೊಡಗಿತು. ಎಲ್ಲಾ ಎತ್ತೂ ಹೀಗೆ ಪೂರ್ತಿ ಸರಿಹೋಗುತ್ತದೆ ಅನ್ನಲಾರೆ. ಬೇಗ ನೊಗಕ್ಕೆ ಕಟ್ಟಿದರೆ ಮತ್ತೆ ಹರಿಯಬಹುದು. ನಮ್ಮದಕ್ಕೆ ಮೊದಲು ಖಾಲಿ ಬಂಡಿ, ಆಮೇಲೆ ಹಗುರ ಕುಂಟೆ, ನೇಗಿಲು ಮುಂದಿನ ವರ್ಷವೇ.