ಸತ್ತ ಕುರಿಯ ಲೆಕ್ಕ

ಈ ಸಂಚಿಕೆಗೆ ಏನಾದರೂ ತಿಳಿವಳಿಕೆಯ ಲೇಖನ ಕೊಡು ಎಂದು ಸಂಪಾದಕರು ಕೇಳಿದಾಗ, ನಾನು ಬ್ಯಾಂಕಿನ ಬಡ್ಡಿಯ ಬಗ್ಗೆಯೋ ಷೇರು ಪೇಟೆಯ ಬಗ್ಗೆಯೋ ಬರೆದೇನು ಎಂದು ಅವರು ಎಣಿಸಿರಬೇಕು. ಕಾಮರ್ಸ್ ಹುಡುಗ ಬೇರೇನು ಬರೆದಾನು! ಆದರೆ ನಾನು ಬರೆಯಹೊರಟಿರುವುದು ಸತ್ತ ಕುರಿಯನ್ನು ಕೊಯ್ದು ನೋಡುವ ವಿದ್ಯೆಯ ಬಗ್ಗೆ. ಊಟ ಮುಗಿಸಿಕೊಂಡು ಓದಿದರೆ ಒಳ್ಳೆಯದು.

ನಾನು ಬಾಗಲಕೋಟೆ ಕಡೆಯವನು. ಹತ್ತನೆಯ ಇಯತ್ತೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಮುಂಬಯಿಯಲ್ಲಿ ಕಾಕಾನ ಮನೆ ಸೇರಿದವನು. ನಮ್ಮ ಅಜ್ಜನಿಗೆ ಅರವತ್ತು ಕುರಿಗಳ ಹಿಂಡಿತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಮಿರಗದ ಮಳೆ ಚೆನ್ನಾಗಿ ಬಿತ್ತು. ಹದಿನೈದು ದಿನದಲ್ಲಿ ಬೋಳು ನೆಲವೆಲ್ಲ ಹಸಿರಾಯಿತು. ಆಗ ನಾಲ್ಕೇ ದಿನದಲ್ಲಿ ನಮ್ಮ ಹನ್ನೊಂದು ಮರಿಗಳು ಸತ್ತವು. ಸಂಜೆ ಜಿಗಿದಾಡುತ್ತ ಬಂದ ಮರಿ ಬೆಳಿಗ್ಗೆ ದೊಡ್ಡಿಯಲ್ಲಿ ಕಾಲು ಸೆಟೆದು, ಕುತ್ತಿಗೆ ಹಿಂದಕ್ಕೆ ಮಾಡಿಕೊಂಡು ಬಿದ್ದಿರುತ್ತಿತ್ತು. ಬಡಕಲು ಮರಿಗಳಿಗೆ ಏನೂ ಆಗಲಿಲ್ಲ. ಸತ್ತವೆಲ್ಲ ಮೈತುಂಬಿಕೊಂಡವು, ಸಂತೆಯಲ್ಲಿ ನಾಲ್ಕು ಕಾಸು ಹೆಚ್ಚು ತರುವಂಥವು. ದೃಷ್ಟಿ ತಾಗೇತಿ ಎಂದರು ಊರವರು. ಅಜ್ಜ ಅದನ್ನೂ ಒಪ್ಪಲಿಲ್ಲ. ದೇವರಿಗೆ ಬಿಟ್ಟಿದ್ದ ಟಗರನ್ನು ಅವನು ಹಿಂದಿನ ವರ್ಷ ಸಾಲ ತೀರಿಸಲು ಮಾರಿದ್ದ. ಅದರ ಫಲ ಇದು ಎಂದು ನಂಬಿ ಕುಳಿತುಬಿಟ್ಟ. ಹಳ್ಳದ ದಂಡೆಯಲ್ಲಿ ಹನ್ನೊಂದನ್ನೂ ಹುಗಿದು ಬಂದೆವು. ಉಳಿದ ಕುರಿಗಳನ್ನು ದಲಾಲಿ ಕೇಳಿದ ಬೆಲೆಗೆ ಕೊಟ್ಟಾಯಿತು. ಯಾರೂ ಒಂದು ಮರಿಯನ್ನೂ ಕೊಯ್ದು ನೋಡಲಿಲ್ಲ. ನೋಡಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ನಮ್ಮ ಚಾಳಿಗೆ ಒಬ್ಬ ಡಾಕ್ಟರಣ್ಣ ಬಂದ ಮೇಲೆ. ಬೀದರಿನಲ್ಲಿ ಪಶುವೈದ್ಯ ಪದವಿ ಮುಗಿಸಿ, ಪರೇಲಿನ ಮುಂಬಯಿ ವೆಟರಿನರಿ ಕಾಲೇಜಿನಲ್ಲಿ ಪೆಥಾಲಜಿ ವಿಷಯದ ಮೇಲೆ ಎಂ.ವಿ.ಎಸ್‌ಸಿ. ಮಾಡುತ್ತಿದ್ದಾನೆ. ಪರೇಲಿನ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇವೆ ನಾವೆಲ್ಲ. ಅಲ್ಲಿ 1886ರಿಂದ ದನದ ಡಾಕ್ಟರರನ್ನು ತಯಾರು ಮಾಡುವ ಕಾಲೇಜು ಇದೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮೊದಲ ಪದವಿಗೇ ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಎಂ.ವಿ.ಎಸ್‌ಸಿ. ಮತ್ತೆ ಎರಡು ವರ್ಷ. ನಾನು ಬಿ.ಕಾಂ. ಮೂರು ವರ್ಷ ಉದ್ದವಾಯಿತು ಎಂದು ಗೊಣಗುವುದನ್ನು ಅವನನ್ನು ನೋಡಿ ಬಿಟ್ಟೆ.

‘ಇಷ್ಟು ಓದಿ ಸತ್ತದ್ದನ್ನು ಯಾಕ ಕೊಯ್ತಿ ಅಣ್ಣಾ?’ ಎಂದು ಕೇಳಿದೆ.

‘ಬದುಕಿದ್ದರ ಸಲುವಾಗಿ,’ ಎಂದ.

ಮನುಷ್ಯರ ಡಾಕ್ಟರರಿಗೆ ಒಬ್ಬ ರೋಗಿ ಎಂದರೆ ಒಬ್ಬ ರೋಗಿ. ಹಿಂಡಿನ ಡಾಕ್ಟರನಿಗೆ ರೋಗಿ ಎಂದರೆ ಹಿಂಡು. ಅರವತ್ತರಲ್ಲಿ ಒಂದು ಸತ್ತರೆ ಅದು ಉಳಿದ ಐವತ್ತೊಂಬತ್ತರ ಸುದ್ದಿ ತಂದಿರುತ್ತದೆ. ಅದಕ್ಕೇ ಅವರು ಶವಪರೀಕ್ಷೆಯ ಜೊತೆಗೆ ಸಾಕಣೆಯ ಶಾಸ್ತ್ರವನ್ನೂ ಕಲಿಯಬೇಕು: ಮೇವು ಯಾವುದು, ಯಾವಾಗ ಬದಲಾಯಿತು, ಮರಿ ಎಷ್ಟು ತೂಕ ಏರಿದೆ. ಸೊಂಟದ ಎಲುಬಿನ ಮೇಲೆ ಕೈಯಾಡಿಸಿ ಕುರಿಯ ಮೈಗೆ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆಯಂತೆ. ನಮ್ಮ ಅಜ್ಜನೂ ಸಂತೆಯಲ್ಲಿ ಹಾಗೆಯೇ ಕೈಯಾಡಿಸಿ ನೋಡುತ್ತಿದ್ದ, ಅಂಕ ಮಾತ್ರ ಬರೆದಿಡುತ್ತಿರಲಿಲ್ಲ.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯೇ ಒಂದು ವಿಚಿತ್ರ. ಅದಕ್ಕೆ ನಾಲ್ಕು ಕೋಣೆ. ಮೊದಲನೆಯದು ರೂಮೆನ್, ದೊಡ್ಡ ಹುಳಿ ಹಂಡೆಯಿದ್ದಂತೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಸಿ ಆಹಾರ ಮಾಡಿಕೊಡುತ್ತವೆ. ಎರಡನೆಯದರ ಒಳಗೋಡೆ ಜೇನುಹುಟ್ಟಿನಂತೆ. ದನ ನುಂಗಿದ ತಂತಿ, ಮೊಳೆ ಎಲ್ಲ ಬಂದು ಕೂರುವುದು ಇಲ್ಲಿ. ಇದಕ್ಕೂ ಹೃದಯಕ್ಕೂ ನಡುವೆ ಒಂದು ತೆಳು ಪರದೆ ಮಾತ್ರ. ತಬೇಲಾದ ಎಮ್ಮೆ ಹಿಂಡಿಯ ಜೊತೆ ಒಂದು ತುಂಡು ತಂತಿ ನುಂಗಿ, ಅದು ಪರದೆ ದಾಟಿ ಹೃದಯಕ್ಕೆ ಚುಚ್ಚಿ ಸಾಯುವುದುಂಟು. ಮೂರನೆಯದು ಪುಸ್ತಕದ ಹಾಳೆಗಳಂತೆ ಪದರ ಪದರ. ನಾಲ್ಕನೆಯದು ಅಬೊಮೇಸಮ್, ನಮ್ಮ ಹೊಟ್ಟೆಯಂಥದೇ. ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಡಾಕ್ಟರಣ್ಣ ಒಂದು ಸಲ ನನ್ನನ್ನು ಕರೆದುಕೊಂಡು ಹೋಗಿ, ದೂರದಲ್ಲಿ ನಿಲ್ಲಿಸಿ, ಒಂದು ಆಡಿನ ಶವಪರೀಕ್ಷೆ ತೋರಿಸಿದ. ಚಾಕು ತಕ್ಷಣ ಕೈಗೆ ಬರಲಿಲ್ಲ. ಮೊದಲು ಮಾಲೀಕನ ಹತ್ತಿರ ಪ್ರಶ್ನೆಗಳ ಸುರಿಮಳೆ: ಯಾವಾಗ ಸತ್ತಿತು, ನಿನ್ನೆ ಏನು ತಿಂದಿತು, ಬೇರೆಯವಕ್ಕೆ ಹೇಗಿದೆ, ಜಂತಿನ ಔಷಧಿ ಯಾವಾಗ ಕುಡಿಸಿದ್ದಿರಿ. ಆಮೇಲೆ ಮೂಗು, ಬಾಯಿ, ಗುದದ್ವಾರ ನೋಡಿದರು. ಅಲ್ಲಿಂದ ಕಪ್ಪನೆಯ, ಹೆಪ್ಪುಗಟ್ಟದ ರಕ್ತ ಒಸರುತ್ತಿದ್ದು, ಮೈ ಬೇಗ ಉಬ್ಬಿ, ಕಾಲು ಸೆಟೆಯದೆ ಇದ್ದರೆ ಚಾಕು ಹಾಕಲೇಬಾರದು. ಅದು ಆಂಥ್ರಾಕ್ಸ್, ಅಂದರೆ ನೆರಡಿ ಇರಬಹುದು. ಕೊಯ್ದರೆ ಅದರ ರೋಗಾಣು ಗಾಳಿ ಸೋಕಿ ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ, ಕೊಯ್ದವನಿಗೂ ಅಂಟುತ್ತದೆ. ಅಂಥ ಸಂದೇಹ ಬಂದರೆ ಕಿವಿಯ ರಕ್ತನಾಳದಿಂದ ಒಂದು ಹನಿ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ದೇಹವನ್ನು ಇಡಿಯಾಗಿ ಸುಡಬೇಕು ಇಲ್ಲವೆ ಆಳವಾಗಿ ಹುಗಿಯಬೇಕು. ಕೊಯ್ಯುವ ವಿದ್ಯೆಯಲ್ಲಿ ಮೊದಲ ಪಾಠ ಯಾವಾಗ ಕೊಯ್ಯಬಾರದು ಎಂಬುದು. ನನಗೆ ಇದು ಬಹಳ ಹಿಡಿಸಿತು.

ಆ ಆಡಿಗೆ ಅಂಥದ್ದೇನೂ ಇರಲಿಲ್ಲ. ಎಡಮಗ್ಗುಲು ಕೆಳಗಾಗಿ ಮಲಗಿಸಿದರು, ಭಾರದ ರೂಮೆನ್ ಎಡಕ್ಕಿರುವುದರಿಂದ ಅದು ಅಡಿಯಲ್ಲೇ ಉಳಿಯಲಿ ಎಂದು. ಹೊಟ್ಟೆ ಬಿಚ್ಚಿದ ಮೇಲೂ ಯಾರೂ ಕೈ ಹಾಕಲಿಲ್ಲ. ಎಲ್ಲವೂ ತನ್ನ ತನ್ನ ಜಾಗದಲ್ಲಿ ಇದೆಯೋ, ನೀರು ತುಂಬಿದೆಯೋ ಎಂದು ಕಣ್ಣಿನಿಂದಲೇ ನೋಡಿದರು. ಎದೆಗೂಡಿನ ಪರದೆಗೆ ಚುಚ್ಚಿದಾಗ ಸುಂಯ್ ಎಂದು ಗಾಳಿ ಒಳಗೆ ಹೋಗುವುದನ್ನು ಕಿವಿಗೊಟ್ಟು ಕೇಳಿದರು. ನಾಲಗೆಯಿಂದ ಶ್ವಾಸಕೋಶದವರೆಗೆ ಒಂದೇ ತುಂಡಾಗಿ ಹೊರಗೆ ತೆಗೆದರು. ಕರುಳನ್ನು ಕೊನೆಗೆ ಬಿಚ್ಚುತ್ತಾರೆ, ಮೊದಲೇ ಬಿಚ್ಚಿದರೆ ಎಲ್ಲ ಹೊಲಸಾಗುತ್ತದೆ.

ಆಡಿನ ಕಣ್ಣಿನ ಒಳರೆಪ್ಪೆ ಕಾಗದದಂತೆ ಬೆಳ್ಳಗಿತ್ತು. ದವಡೆಯ ಕೆಳಗೆ ಚರ್ಮದಡಿ ನೀರು. ನಾಲ್ಕನೆಯ ಹೊಟ್ಟೆ ಬಿಚ್ಚಿದಾಗ ಒಳಗೆ ಕೆಂಪು ಬಿಳಿ ದಾರ ಹೊಸೆದಂತಹ ಸಣ್ಣ ಹುಳುಗಳು ಗಿಜಿಗಿಜಿ ಎನ್ನುತ್ತಿದ್ದವು. ಹೆಸರು ಹೀಮಾಂಕಸ್. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಇಲ್ಲಿ ನನ್ನ ಕಾಮರ್ಸ್ ತಲೆ ಕೆಲಸ ಮಾಡಿತು: ಎರಡು ಸಾವಿರ ಹುಳುವಿದ್ದರೆ ದಿನಕ್ಕೆ 100 ಮಿಲಿಲೀಟರ್ ಹೋಯಿತು. ಇಪ್ಪತ್ತು ಕಿಲೋ ಆಡಿನ ಮೈಯಲ್ಲಿ ಇರುವುದೇ ಒಂದೂವರೆ ಲೀಟರಿನ ಆಸುಪಾಸು. ಯಾವ ಅಂಗಡಿ ತಾನೇ ಹೀಗೆ ಎಷ್ಟು ದಿನ ನಡೆದೀತು? ಮಾಲೀಕ ಮೇವು ಸಾಲದೆ ಸತ್ತಿತು ಎಂದುಕೊಂಡು ಉಳಿದವಕ್ಕೆ ಹೆಚ್ಚು ಹಿಂಡಿ ಇಡುತ್ತಿದ್ದನಂತೆ. ಹಿಂಡಿಯ ದುಡ್ಡೆಲ್ಲ ಹುಳುವಿನ ಪಾಲು.

ಪ್ರತಿಸಲ ಇಷ್ಟು ಸಲೀಸಾಗಿ ಉತ್ತರ ಸಿಗುವುದಿಲ್ಲ. ಮೇಲ್ಮಟ್ಟದ ತರಬೇತಿ ಯಾಕೆ ಬೇಕು ಎಂದರೆ, ಸತ್ತ ಮೇಲೂ ದೇಹ ಸುಮ್ಮನಿರುವುದಿಲ್ಲ. ರೂಮೆನ್ನಿನ ಸೂಕ್ಷ್ಮಜೀವಿಗಳಿಗೆ ತಮ್ಮ ಧಣಿ ಸತ್ತದ್ದು ಗೊತ್ತಾಗುವುದಿಲ್ಲ, ಹುಳಿಸುತ್ತಲೇ ಇರುತ್ತವೆ. ಶಾಖ ಏರುತ್ತದೆ, ಗಾಳಿ ತುಂಬುತ್ತದೆ. ಕುರಿ ದನಗಳ ಹೆಣ ಬೇಗ ಕೆಡುವುದು ಇದರಿಂದಲೇ. ಕೆಲವು ತಾಸು ಕಳೆದರೆ ರೂಮೆನ್ನಿನ ಒಳಪದರ ತಾನಾಗಿ ಸುಲಿದು ಬರುತ್ತದೆ. ಹೊಸಬ ಅದನ್ನು ನೋಡಿ ರೋಗ ಹಿಡಿದೆ ಎಂದು ಬರೆದುಬಿಡುತ್ತಾನೆ. ಹೊಟ್ಟೆ ಉಬ್ಬಿದೆಯಲ್ಲ, ಉಬ್ಬರದಿಂದಲೇ ಸತ್ತಿತೋ, ಸತ್ತ ಮೇಲೆ ಉಬ್ಬಿತೋ? ಬಲ್ಲವರು ಅನ್ನನಾಳವನ್ನು ಉದ್ದಕ್ಕೆ ಸೀಳಿ ನೋಡುತ್ತಾರೆ. ಜೀವವಿದ್ದಾಗಲೇ ಉಬ್ಬಿದ್ದರೆ ಒಳಗಿನ ಒತ್ತಡಕ್ಕೆ ಎದೆಯೊಳಗಿನ ಭಾಗ ಬಿಳಿಚಿಕೊಂಡು, ಕುತ್ತಿಗೆಯ ಭಾಗದಲ್ಲಿ ರಕ್ತ ಕಟ್ಟಿ ಕೆಂಪಾಗಿರುತ್ತದೆ. ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಸತ್ತ ಮೇಲೆ ಉಬ್ಬಿದ್ದರೆ ಆ ಗೆರೆ ಇಲ್ಲ.

ಬರೆಯುವುದರಲ್ಲೂ ಒಂದು ಕಟ್ಟುನಿಟ್ಟಿದೆ. ಕಂಡದ್ದನ್ನು ಬರೆಯುವ ಜಾಗದಲ್ಲಿ ರೋಗದ ಹೆಸರು ಬರೆಯಕೂಡದು. ‘ಯಕೃತ್ತು ಕೆಟ್ಟಿದೆ’ ಎಂದರೆ ಗುರುಗಳು ಹಾಳೆ ವಾಪಸು ಕೊಡುತ್ತಾರೆ. ಬಣ್ಣ ಏನು, ಎಷ್ಟು ಸೆಂಟಿಮೀಟರ್, ಮೆತ್ತಗೋ ಗಟ್ಟಿಯೋ, ತೂಕವೆಷ್ಟು, ಅದನ್ನು ಬರೆ. ಹೆಸರು ಕೊನೆಗೆ. ನಮ್ಮಲ್ಲಿ ವೋಚರ್ ನೋಡದೆ ಲೆಡ್ಜರಿಗೆ ಏರಿಸಬಾರದು ಎನ್ನುವುದಿಲ್ಲವೆ, ಹಾಗೆ. ಕಣ್ಣಿಗೆ ಕಂಡದ್ದೂ ಸಾಲದು, ಲ್ಯಾಬಿಗೆ ಮಾದರಿ ಹೋಗಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ತುಂಡುಗಳನ್ನು ತೆಳ್ಳಗೆ ಕತ್ತರಿಸಿ ಹತ್ತು ಪಟ್ಟು ಫಾರ್ಮಲಿನ್ ದ್ರಾವಣದಲ್ಲಿ ಹಾಕಬೇಕು, ಅವನ್ನು ಹೆಪ್ಪುಗಟ್ಟಿಸಬಾರದು. ರೋಗಾಣು ಹುಡುಕುವ ಮಾದರಿಗಳು ಫಾರ್ಮಲಿನ್ನಿಗೆ ತಾಗದೆ ಮಂಜುಗಡ್ಡೆಯ ಜೊತೆ ಹೋಗಬೇಕು. ಎರಡನ್ನು ಅದಲು ಬದಲು ಮಾಡಿದರೆ ಪಟ್ಟ ಶ್ರಮವೆಲ್ಲ ಹೊಳೆಗೆ. ಕುರಿಯ ವಿಮೆ ಮಾಡಿಸಿದ್ದವರಿಗೂ ಈ ಪರೀಕ್ಷೆಯ ವರದಿಯಿಲ್ಲದೆ ಹಣ ಕೈಗೆ ಬರುವುದು ಕಷ್ಟ.

ಒಂದು ಹೆಸರು ತಪ್ಪಿದರೆ ಎಷ್ಟು ದೊಡ್ಡ ತಪ್ಪಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಹಿಂದೆ ಊರಿಗೆ ಊರನ್ನೇ ಖಾಲಿ ಮಾಡುತ್ತಿತ್ತು. ಅಂಥ ರೋಗಗಳ ಅಧ್ಯಯನಕ್ಕೆಂದೇ 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ತೆರೆದು, 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದು. ಈಗ ಇಜ್ಜತ್‌ನಗರ ಅದರ ಮುಖ್ಯ ಸ್ಥಾನ. ಕುರಿ ಆಡುಗಳಲ್ಲಿ ಅದೇ ಬಗೆಯ ಜ್ವರ, ಬಾಯಿಹುಣ್ಣು, ಭೇದಿ ಕಂಡಾಗ ಅದೂ ದೊಡ್ಡರೋಗವೇ ಎಂದು ಭಾವಿಸುತ್ತಿದ್ದರು. 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕುರಿಗಳು ಸತ್ತಾಗ ಪರೀಕ್ಷೆ ನಡೆದು, ಇದು ಪಿ.ಪಿ.ಆರ್. ಎಂಬ ಬೇರೆಯೇ ರೋಗ ಎಂದು ಗೊತ್ತಾಯಿತು. ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು. ಪಿ.ಪಿ.ಆರ್. ಮಾತ್ರ ಇನ್ನೂ ಹೋಗಿಲ್ಲ.

ಇಷ್ಟೆಲ್ಲ ಕೇಳಿಕೊಂಡ ಮೇಲೆ ಒಂದು ರಾತ್ರಿ ಅಜ್ಜನ ಮರಿಗಳ ಕತೆಯನ್ನು ಡಾಕ್ಟರಣ್ಣನ ಮುಂದೆ ಬಿಚ್ಚಿದೆ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಹೇಳಿದ್ದು ಇಷ್ಟು. ಕುರಿಯ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ರೋಗಾಣು ಅಷ್ಟಿಷ್ಟು ಇದ್ದೇ ಇರುತ್ತದೆ, ತೊಂದರೆ ಕೊಡುವುದಿಲ್ಲ. ಒಣಮೇವಿನಿಂದ ಒಮ್ಮೆಲೆ ಎಳೆಹುಲ್ಲಿಗೋ ಕಾಳಿಗೋ ಬದಲಾದರೆ ಅರ್ಧ ಜೀರ್ಣವಾದ ಆಹಾರ ಸಣ್ಣಕರುಳಿಗೆ ಇಳಿಯುತ್ತದೆ. ಅದನ್ನು ತಿಂದು ಅವು ಮಿತಿಮೀರಿ ಬೆಳೆದು ವಿಷ ಬಿಡುತ್ತವೆ. ಹೆಚ್ಚು ತಿಂದ, ಚುರುಕಾದ, ದಷ್ಟಪುಷ್ಟ ಮರಿಯೇ ಮೊದಲು ಸಾಯುತ್ತದೆ. ಎಂಟೆರೊಟಾಕ್ಸಿಮಿಯ, ಕರುಳುಬೇನೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಹೊತ್ತಿಗೆ ಲಸಿಕೆ ಹಾಕಿಸುತ್ತಾರೆ. ಮೊದಲ ವರ್ಷ ಕೆಲವು ವಾರ ಬಿಟ್ಟು ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ.

‘ಹಂಗಾದ್ರ ನಮ್ಮ ಮರಿ ಸತ್ತದ್ದು ಅದರಿಂದಲೇ ಅಲ್ಲೇನಣ್ಣಾ? ಅಜ್ಜನಿಗೆ ಹೇಳಿಬಿಡಲೇನು?’

‘ನಾನು ತೆರೆದು ನೋಡಿಲ್ಲ ತಮ್ಮಾ. ಹ್ಯಾಂಗ ಹೇಳಲಿ?’

ನನಗೆ ಸಿಟ್ಟು ಬಂತು. ಎಲ್ಲ ಲಕ್ಷಣ ಒಪ್ಪುತ್ತವೆ, ಹೌದು ಎಂದು ಒಂದು ಮಾತು ಹೇಳಿದರೆ ಇವನ ಗಂಟೇನು ಹೋಗುತ್ತದೆ? ಅವನು ಸಮಾಧಾನದಿಂದಲೇ ಬಿಡಿಸಿ ಹೇಳಿದ. ಈ ರೋಗದಲ್ಲಿ ಮೂತ್ರಪಿಂಡ ಮೆತ್ತಗೆ ಮುದ್ದೆಯಾಗುತ್ತದೆ. ಆದರೆ ತಡವಾದರೆ ಯಾವ ರೋಗದಿಂದ ಸತ್ತರೂ ಅದು ಮುದ್ದೆಯೇ. ಸತ್ತ ಒಂದೆರಡು ತಾಸಿನಲ್ಲಿ ತೆರೆದು, ಹೃದಯದ ಚೀಲದಲ್ಲಿ ನೀರು ನೋಡಿ, ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ಪಟ್ಟಿ ಅದ್ದಿ ನೋಡಿ, ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ಗಂಟು ಹಾಕಿ ಮಂಜುಗಡ್ಡೆಯಲ್ಲಿ ಲ್ಯಾಬಿಗೆ ಕಳಿಸಿದ್ದರೆ ಹೇಳಬಹುದಿತ್ತು. ಎಳೆ ಜೋಳ ತಿಂದರೂ ಕುರಿ ಹೀಗೇ ಫಕ್ಕನೆ ಸಾಯುತ್ತದೆ. ಆಗ ರಕ್ತ ತೀರ ಕೆಂಪಗಿರುತ್ತದೆ. ನಿಮ್ಮಲ್ಲಿ ರಕ್ತದ ಬಣ್ಣ ನೋಡಿದವರು ಯಾರು?

ಯಾರೂ ಇಲ್ಲ. ಹನ್ನೊಂದು ಮರಿ ಹುಗಿದದ್ದು ನೋಡಿದವರು ಮಾತ್ರ ಇದ್ದೇವೆ.

‘ಅಜ್ಜನಿಗೆ ಇಷ್ಟು ಹೇಳು,’ ಎಂದ ಕೊನೆಗೆ. ‘ಹಸಿರು ಬಂದ ಹೊಸದರಲ್ಲಿ ಮೈತುಂಬಿದ ಮರಿ ಸಾಯೋದು ಎಲ್ಲರ ಹಿಂಡಿನಾಗೂ ಆಗ್ತದ, ಟಗರು ಮಾರದವರ ಹಿಂಡಿನಾಗೂ ಆಗ್ತದ. ಇದು ಸುಳ್ಳಲ್ಲ.’

ಮರುದಿನ ಅಜ್ಜನಿಗೆ ಫೋನು ಮಾಡಿದೆ. ಈಗ ಅವನ ಹತ್ತಿರ ಎರಡು ಆಡು ಮಾತ್ರ ಇವೆ. ಎಲ್ಲವನ್ನೂ ಹೇಳಿದೆ, ರೋಗಾಣುವಿನ ಹೆಸರೊಂದನ್ನು ಬಿಟ್ಟು. ಬಹಳ ಹೊತ್ತು ಆ ಕಡೆ ಸದ್ದಿಲ್ಲ. ಲೈನು ಕಟ್ಟಾಯಿತೇನೋ ಎಂದುಕೊಂಡೆ.

‘ಒಂದು ಮರಿ ಕೊಯ್ದು ನೋಡಿದ್ರ ಗೊತ್ತಾಗ್ತಿತ್ತೇನು?’ ಎಂದು ಕೇಳಿದ.

‘ಗೊತ್ತಾಗ್ತಿತ್ತಜ್ಜಾ.’

‘ದವಾಖಾನಿ ಡಾಕ್ಟರ ನಂಬರ ಇದ್ರ ನಿಮ್ಮಪ್ಪನ ಕಡೆ ಬರಿಸಿಡು,’ ಎಂದು ಫೋನು ಇಟ್ಟ.